ಮೇದೋಜೀರಕ ಗ್ರಂಥಿಯ ದೊಡ್ಡ ಆಪರೇಷನ್ ಮತ್ತು ವಯಸ್ಸು: ಚೇತರಿಕೆ ಎಲ್ಲಿ ತಡವಾಗುತ್ತದೆ, ಏಕೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡಿ ತೆಗೆಯಬಹುದು ಎಂದು ಸರ್ಜನ್ ಹೇಳಿದ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಈ ವಯಸ್ಸಿಗೆ ತಡ್ಕೊಳ್ತಾರಾ ಡಾಕ್ಟ್ರೇ?" ಕೇಳಲೇಬೇಕಾದ ಪ್ರಶ್ನೆ ಇದು. ಈ ಗ್ರಂಥಿಯ ಕ್ಯಾನ್ಸರ್ ಬಹುಪಾಲು 65 ದಾಟಿದವರಲ್ಲೇ ಕಾಣಿಸಿಕೊಳ್ಳುತ್ತದೆ. ಪತ್ತೆಯಾಗುವ ಹೊತ್ತಿಗೆ ರೋಗಿಯ ವಯಸ್ಸು 70ರ ಆಸುಪಾಸಿನಲ್ಲಿರುವುದು ಸಾಮಾನ್ಯ. ವಯಸ್ಸಾದವರಿಗೆ ಆಪರೇಷನ್ ಬೇಡ ಎಂದರೆ ಈ ಕಾಯಿಲೆ ಬಂದ ಹೆಚ್ಚಿನವರಿಗೆ ಬೇಡ ಎಂದಂತೆ. ಎಲ್ಲರಿಗೂ ಮಾಡೋಣ ಎಂದರೂ ತಪ್ಪಾಗುತ್ತದೆ. ಉತ್ತರ ಹುಡುಕಬೇಕಾದರೆ ವಯಸ್ಸು ಈ ಚೇತರಿಕೆಯಲ್ಲಿ ಎಲ್ಲೆಲ್ಲಿ ಅಡ್ಡ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಆಪರೇಷನ್ ಏನೆಂದು ತಿಳಿಯೋಣ. ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಇರುವ, 15ರಿಂದ 20 ಸೆಂ.ಮೀ. ಉದ್ದದ ಅಂಗ. ಅದರ ತಲೆಭಾಗವನ್ನು ಸಣ್ಣ ಕರುಳಿನ ಮೊದಲ ತುಂಡಾದ ಡ್ಯುಯೋಡಿನಮ್ ಬಳಸಿಕೊಂಡಿರುತ್ತದೆ. ಪಿತ್ತನಾಳ ಈ ತಲೆಭಾಗದ ಮೂಲಕವೇ ಇಳಿದು ಬರುತ್ತದೆ. ಗ್ರಂಥಿಯ ತಲೆಗೂ ಡ್ಯುಯೋಡಿನಮ್‌ಗೂ ರಕ್ತ ಕೊಡುವ ನಾಳಗಳು ಒಂದೇ ಆದ್ದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು ಕಷ್ಟ. ಅದಕ್ಕೇ ವಿಪಲ್ ಎಂದು ಕರೆಯುವ ಈ ಆಪರೇಷನ್‌ನಲ್ಲಿ ಗ್ರಂಥಿಯ ತಲೆ, ಡ್ಯುಯೋಡಿನಮ್, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಹಲವು ಸಲ ಜಠರದ ತುದಿ, ಇವೆಲ್ಲ ಒಟ್ಟಿಗೆ ಹೊರಬರುತ್ತವೆ. ಆಮೇಲೆ ಉಳಿದ ಗ್ರಂಥಿಯನ್ನು ಕರುಳಿಗೆ, ಪಿತ್ತನಾಳವನ್ನು ಕರುಳಿಗೆ, ಜಠರವನ್ನು ಕರುಳಿಗೆ ಹೀಗೆ ಮೂರು ಕಡೆ ಜೋಡಿಸಿ ಹೊಲಿಯಬೇಕು. ಸಾಮಾನ್ಯವಾಗಿ 4ರಿಂದ 7 ಗಂಟೆಯ ಕೆಲಸ. ಗ್ರಂಥಿಯ ಬಾಲದ ಕಡೆಯ ಆಪರೇಷನ್‌ನಲ್ಲಿ ಇಂಥ ಜೋಡಣೆ ಇರುವುದಿಲ್ಲ, ಕತ್ತರಿಸಿದ ತುದಿಯನ್ನು ಮುಚ್ಚುತ್ತಾರೆ. ಆದರೆ ಸೋಂಕು ತಡೆಯಲು ನೆರವಾಗುವ ಗುಲ್ಮವೂ (ಸ್ಪ್ಲೀನ್) ಹೋಗುವುದು ಹೆಚ್ಚು. ಅದಕ್ಕಾಗಿ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಸಾಧ್ಯವಾದರೆ ಎರಡು ವಾರ ಮೊದಲೇ ಹಾಕಿಸಬೇಕು.

1909ರಲ್ಲಿ ಜರ್ಮನಿಯ ವಾಲ್ಟರ್ ಕೌಶ್ ಈ ಬಗೆಯ ಆಪರೇಷನ್ ಮಾಡಿದ್ದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಅದಕ್ಕೊಂದು ಕ್ರಮ ಕೊಟ್ಟರು. ದಶಕಗಳ ಕಾಲ ಆಪರೇಷನ್ ಆದ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಹೋಗುತ್ತಿದ್ದರು. ಇಂದು ಈ ಕೆಲಸವನ್ನೇ ಹೆಚ್ಚಾಗಿ ಮಾಡುವ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ತೊಡಕುಗಳು ಮಾತ್ರ ಇಳಿದಿಲ್ಲ: ಶೇ. 30ರಿಂದ 50ರಷ್ಟು ರೋಗಿಗಳಿಗೆ ಇಂದಿಗೂ ಏನಾದರೊಂದು ತೊಡಕು ಬರುತ್ತದೆ. ತೊಡಕು ಬಂದರೂ ರೋಗಿಯನ್ನು ಉಳಿಸಿಕೊಳ್ಳುವುದನ್ನು ಕಲಿತಿದ್ದೇವೆ, ಬದಲಾಗಿರುವುದು ಅದು. ವಯಸ್ಸಿನ ಮಾತು ಬರುವುದು ಸರಿಯಾಗಿ ಇಲ್ಲಿಯೇ.

ಸೋರಿಕೆಗೆ ವಯಸ್ಸು ಕಾರಣವೇ?

ಈ ಆಪರೇಷನ್‌ನಲ್ಲಿ ಎಲ್ಲರೂ ಹೆದರುವುದು ಗ್ರಂಥಿ ಮತ್ತು ಕರುಳಿನ ಜೋಡಣೆಯಿಂದ ರಸ ಸೋರುವುದಕ್ಕೆ. ಪ್ರೋಟೀನನ್ನೂ ಕೊಬ್ಬನ್ನೂ ಕರಗಿಸುವ ರಸ ಅದು. ಹೊಟ್ಟೆಯೊಳಗೆ ಚೆಲ್ಲಿದರೆ ಸುತ್ತಲಿನ ಅಂಗಾಂಶವನ್ನು, ರಕ್ತನಾಳದ ಗೋಡೆಯನ್ನು ಕೊರೆಯುತ್ತದೆ. ಸೋರಿಕೆ ಯಾರಿಗೆ ಆಗುತ್ತದೆ ಎಂದು ಲೆಕ್ಕ ಹಾಕಲು ಬಳಸುವ ಅಂಶಗಳು ನಾಲ್ಕು: ಗ್ರಂಥಿ ಮೆತ್ತಗಿದೆಯೇ ಗಟ್ಟಿಯಾಗಿದೆಯೇ, ಅದರ ನಾಳ ಎಷ್ಟು ಸಣ್ಣದು, ಕಾಯಿಲೆ ಯಾವ ಬಗೆಯದು, ಆಪರೇಷನ್‌ನಲ್ಲಿ ಎಷ್ಟು ರಕ್ತ ಹೋಯಿತು. ಮೆತ್ತಗಿನ ಗ್ರಂಥಿಯಲ್ಲಿ ಹೊಲಿಗೆಯ ದಾರ ಅಂಗಾಂಶವನ್ನು ಸೀಳುತ್ತದೆ; 3 ಮಿ.ಮೀ.ಗಿಂತ ಸಣ್ಣ ನಾಳಕ್ಕೆ ಹೊಲಿಗೆ ಹಾಕುವುದೇ ಕಷ್ಟ. ಈ ನಾಲ್ಕರಲ್ಲಿ ರೋಗಿಯ ವಯಸ್ಸು ಇಲ್ಲ ಎಂಬುದನ್ನು ಗಮನಿಸಿ. ನಾಳ ಕಟ್ಟಿಕೊಂಡು ಗ್ರಂಥಿ ಗಟ್ಟಿಯಾಗಿರುವ 80 ವರ್ಷದವರ ಜೋಡಣೆ, ಸಣ್ಣ ನಾಳದ ಮೆತ್ತಗಿನ ಗ್ರಂಥಿ ಇರುವ 45ರವರ ಜೋಡಣೆಗಿಂತ ಚೆನ್ನಾಗಿ ಕೂಡಿಕೊಳ್ಳಬಹುದು.

ಹಾಗಾದರೆ ವಯಸ್ಸಾದವರಲ್ಲಿ ಸಾವು ಹೆಚ್ಚು ಏಕೆ? ಅದೇ ಸೋರಿಕೆ, ಅದೇ ಸೋಂಕು ಇಬ್ಬರಿಗೂ ಬಂದರೆ, 45ರವರು ಜ್ವರ ಬಂದು, ಎರಡು ವಾರ ಹೆಚ್ಚು ಮಲಗಿ, ಎದ್ದು ಹೋಗುತ್ತಾರೆ. 80ರವರಲ್ಲಿ ಸೋಂಕಿನ ಬೆನ್ನಿಗೆ ಮೂತ್ರಪಿಂಡ, ಅದರ ಬೆನ್ನಿಗೆ ಶ್ವಾಸಕೋಶ, ಆಮೇಲೆ ಹೃದಯ ಹೀಗೆ ಒಂದರ ಹಿಂದೊಂದು ಕೈಕೊಡುತ್ತವೆ. ತೊಡಕು ಬರುವ ಸಾಧ್ಯತೆಗಿಂತ, ಬಂದ ತೊಡಕನ್ನು ದಾಟುವ ಕಸುವನ್ನು ವಯಸ್ಸು ಹೆಚ್ಚಾಗಿ ತಗ್ಗಿಸುತ್ತದೆ. ಉಳಿದ ಮಾತೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಕಸುವು ತಗ್ಗುವುದು ಕಣ್ಣಿಗೆ ಕಾಣುವುದಿಲ್ಲ. ಮೂತ್ರಪಿಂಡದ ಉದಾಹರಣೆ ನೋಡಿ. 80 ವರ್ಷದ, 45 ಕೆ.ಜಿ. ತೂಕದ ಮಹಿಳೆಯ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಅಂಶ) 1.0 ಎಂದು ರಿಪೋರ್ಟ್ ಬರುತ್ತದೆ, ಪಕ್ಕದಲ್ಲಿ 'ನಾರ್ಮಲ್' ಎಂದೂ ಇರುತ್ತದೆ. ವಯಸ್ಸು, ತೂಕ ಸೇರಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿದರೆ ಅವರ ಮೂತ್ರಪಿಂಡ ನಿಮಿಷಕ್ಕೆ ಶುದ್ಧೀಕರಿಸುತ್ತಿರುವುದು ಸುಮಾರು 32 ಮಿ.ಲೀ. ಮಾತ್ರ. ಅದೇ 1.0 ಇರುವ 40 ವರ್ಷದ, 70 ಕೆ.ಜಿ. ಪುರುಷನಲ್ಲಿ ಅದು 97 ಮಿ.ಲೀ. ಸ್ನಾಯು ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಅಂಕಿ ಚೆನ್ನಾಗಿ ಕಾಣುತ್ತದೆ. ಈ ಲೆಕ್ಕ ಹಾಕದೆ ನೋವಿನ ಮದ್ದು, ಆಂಟಿಬಯಾಟಿಕ್, ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಟ್ಟರೆ ಡೋಸ್ ಹೆಚ್ಚಾಗಿಬಿಡುತ್ತದೆ. ಹೃದಯಕ್ಕೂ ಇದೇ ಮಾತು: ಗರಿಷ್ಠ ಬಡಿತ ವಯಸ್ಸಿನೊಂದಿಗೆ ಇಳಿಯುತ್ತದೆ, ಸೋಂಕು ಬಂದಾಗ ಬಡಿತ ಹೆಚ್ಚಿಸಿ ರಕ್ತದೊತ್ತಡ ಹಿಡಿದಿಡುವ ದಾರಿ ಕಿರಿದಾಗಿರುತ್ತದೆ.

ಆಪರೇಷನ್‌ಗೆ ಮೊದಲು ಅಳೆಯಬೇಕಾದದ್ದು

ಜನ್ಮದಿನಾಂಕ ಹೇಳದ್ದನ್ನು ಒಂದು ಕುರ್ಚಿ ಹೇಳುತ್ತದೆ. ರೋಗಿ ಕೈಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 10 ಸೆಕೆಂಡಿನೊಳಗೆ ಮುಗಿದರೆ ಚಿಂತೆಯಿಲ್ಲ. 12 ದಾಟಿದರೆ ಎಚ್ಚರ ಬೇಕು. 20 ದಾಟಿದರೆ ಆಪರೇಷನ್ನಿನ ದಿನ ನಿಗದಿ ಮಾಡುವ ಮೊದಲು ಇನ್ನಷ್ಟು ಪರೀಕ್ಷೆ, ತಯಾರಿ ಆಗಲೇಬೇಕು. ಇನ್ನೊಂದು ಸುಲಭ ಅಳತೆ ನಡಿಗೆಯ ವೇಗ: 4 ಮೀಟರ್ ನಡೆಯಲು 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆ, ಅಂದರೆ ಕಸುವು ಕುಂದಿದೆ.

ವೈದ್ಯರು ಫ್ರೇಲ್ಟಿ ಎನ್ನುವ ಬಲಗುಂದಿದ ಸ್ಥಿತಿಗೆ ಐದು ಗುರುತುಗಳಿವೆ: ಬಯಸದೇ ಇಳಿದ ತೂಕ, ಸದಾ ಆಯಾಸ, ಕೈಹಿಡಿತ ಸಡಿಲವಾಗಿರುವುದು, ನಿಧಾನ ನಡಿಗೆ, ಓಡಾಟ ಕಡಿಮೆಯಾಗಿರುವುದು. ಮೂರಿದ್ದರೆ ಫ್ರೇಲ್, ಒಂದೆರಡಿದ್ದರೆ ಅದರ ಹೊಸ್ತಿಲಲ್ಲಿದ್ದಾರೆ ಎಂದರ್ಥ. ಇಲ್ಲೊಂದು ಗೊಂದಲವಿದೆ. ಮೇದೋಜೀರಕದ ಕ್ಯಾನ್ಸರೇ ತೂಕ ಇಳಿಸುತ್ತದೆ, ಆಯಾಸ ತರುತ್ತದೆ. ಆದ್ದರಿಂದ ಮನೆಯವರನ್ನು ಕೇಳಬೇಕಾದದ್ದು ಈಗಿನ ಸ್ಥಿತಿಯನ್ನಷ್ಟೇ ಅಲ್ಲ, ಕಾಯಿಲೆ ಶುರುವಾಗುವ ಮೊದಲು ಹೇಗಿದ್ದರು ಎಂದೂ ಕೇಳಬೇಕು. ಮೂರು ತಿಂಗಳ ಹಿಂದೆ ಒಬ್ಬರೇ ಓಡಾಡಿ, ಹಣಕಾಸು ನೋಡಿಕೊಂಡು, ಮೆಟ್ಟಿಲು ಹತ್ತುತ್ತಿದ್ದವರ ಬಲ ಮರಳಿ ಬರುವ ಸಾಧ್ಯತೆ ಇದೆ. ಎರಡು ವರ್ಷದಿಂದ ಸ್ನಾನಕ್ಕೂ ನೆರವು ಬೇಕಾಗಿದ್ದವರಲ್ಲಿ ಅದನ್ನು ನಿರೀಕ್ಷಿಸಲಾಗದು. ಅಂಥವರಿಗೆ ವಿಪಲ್ ಬೇಡ ಎನ್ನುವುದು ಕೈಬಿಟ್ಟಂತಲ್ಲ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ, ನೋವು ತಗ್ಗಿಸಿ, ಉಣ್ಣಲು ಅನುಕೂಲ ಮಾಡಿಕೊಡುವುದು ಕೂಡ ಪೂರ್ಣ ಪ್ರಮಾಣದ ಚಿಕಿತ್ಸೆಯೇ.

ನೆನಪಿನ ಪರೀಕ್ಷೆಯನ್ನು ಹೆಚ್ಚಿನ ಕಡೆ ಬಿಟ್ಟೇಬಿಡುತ್ತಾರೆ. ಅದಕ್ಕೆ ಮೂರು ನಿಮಿಷ ಸಾಕು. ಮೂರು ಪದ ಹೇಳಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಸಿ, ಆ ಮೂರು ಪದ ಮತ್ತೆ ಕೇಳುವುದು. ಒಟ್ಟು 5 ಅಂಕಕ್ಕೆ 2 ಅಥವಾ ಕಡಿಮೆ ಬಂದರೆ ಆಪರೇಷನ್ ನಂತರ ಬುದ್ಧಿ ಗಲಿಬಿಲಿಯಾಗುವ ಅಪಾಯ ಹೆಚ್ಚು ಎಂದು ಮೊದಲೇ ಗೊತ್ತಾಗುತ್ತದೆ.

ಕೈಯಲ್ಲಿ ಎರಡರಿಂದ ಆರು ವಾರ ಇದ್ದರೆ ಅದನ್ನು ಸುಮ್ಮನೆ ಕಳೆಯಬಾರದು. ಮೊದಲು ಕಿಮೊ ಕೊಟ್ಟು ಆಮೇಲೆ ಆಪರೇಷನ್ ಎಂದಾಗ ಇನ್ನೂ ಹೆಚ್ಚು ಸಮಯ ಸಿಗುತ್ತದೆ. ದಿನವೂ ನಡಿಗೆ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ, ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇರುವವರಿಗೆ ಇದು 72ರಿಂದ 90 ಗ್ರಾಂ. ತಿಂದದ್ದು ಮೈಗೆ ಹತ್ತಬೇಕಾದರೆ ಜೀರ್ಣರಸದ ಕೊರತೆ ತುಂಬುವ ಎನ್‌ಜೈಮ್ ಕ್ಯಾಪ್ಸೂಲ್ ಈಗಿನಿಂದಲೇ ಬೇಕಾಗಬಹುದು, ಗಡ್ಡೆ ನಾಳವನ್ನು ಮುಚ್ಚಿರುವುದರಿಂದ ರಸ ಕರುಳಿಗೆ ಇಳಿಯುತ್ತಿರುವುದಿಲ್ಲ. ಸಿಗರೇಟು ಕನಿಷ್ಠ 4 ವಾರ ಮೊದಲು ನಿಲ್ಲಬೇಕು. ಕಾಮಾಲೆ ಇದ್ದವರಿಗೆ ವಿಟಮಿನ್ ಕೆ ಹೀರಿಕೆಯಾಗದೆ ರಕ್ತ ಹೆಪ್ಪುಗಟ್ಟುವುದು ತಡವಾಗಿರುತ್ತದೆ. ಅದನ್ನು ಇಂಜೆಕ್ಷನ್ ಮೂಲಕ ಸರಿಪಡಿಸಬೇಕು.

ಔಷಧಿಗಳ ಪಟ್ಟಿ ವಯಸ್ಸಾದವರಲ್ಲಿ ಉದ್ದವಿರುತ್ತದೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ 3ರಿಂದ 4 ದಿನ ಮೊದಲೇ ನಿಲ್ಲಿಸಬೇಕು. ಇನ್ಸುಲಿನ್ ತಯಾರಾಗುವುದು ಈ ಗ್ರಂಥಿಯಲ್ಲೇ, ಅದನ್ನು ತೆಗೆದಾಗ ಇನ್ಸುಲಿನ್ ಮೊದಲೇ ಕಡಿಮೆ. ಇದೂ ಸೇರಿದರೆ ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯಕಾರಿಯಾಗಿ ಏರುವುದು) ಆಗಬಹುದು, ಗೊತ್ತಾಗುವುದೇ ತಡ. ಹೃದಯದ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು. ನಿದ್ದೆ ಮಾತ್ರೆಯ ಅಭ್ಯಾಸ, ಮದ್ಯದ ಅಭ್ಯಾಸ ಇದ್ದರೆ ಮುಚ್ಚಿಡದೆ ಅರಿವಳಿಕೆ ವೈದ್ಯರಿಗೆ ಹೇಳಿ.

ವಾರ್ಡಿನಲ್ಲಿ ಮೊದಲ ಹತ್ತು ದಿನ

ಕಿರಿಯರಲ್ಲಿ ಸೋಂಕು ಜ್ವರವಾಗಿ, ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತದೆ. ಹಿರಿಯರಲ್ಲಿ ಎಷ್ಟೋ ಸಲ ಜ್ವರ ಬರುವುದೇ ಇಲ್ಲ. ನಿನ್ನೆ ಚೆನ್ನಾಗಿ ಮಾತನಾಡಿದವರು ಇಂದು ಮಂಕಾಗುತ್ತಾರೆ, ಉಸಿರಾಟ ನಿಮಿಷಕ್ಕೆ 16 ಇದ್ದದ್ದು 24 ಆಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಹೃದಯದ ಬಡಿತ ಲಯ ತಪ್ಪುತ್ತದೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಾಡಿ ಕೂಡ ಏರುವುದಿಲ್ಲ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಶುರುವಾದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಸರಿಪಡಿಸಿ ಮದ್ದು ಕೊಟ್ಟು ಸುಮ್ಮನಾಗುವುದು ದೊಡ್ಡ ತಪ್ಪು. ಅದು ಹೊಟ್ಟೆಯೊಳಗಿನ ಸೋರಿಕೆಯ ಮೊದಲ ಸುಳಿವಾಗಿರಬಹುದು ಎಂದುಕೊಂಡೇ ಡ್ರೇನ್ (ಹೊಟ್ಟೆಯೊಳಗಿನ ದ್ರವ ಹೊರತರುವ ಟ್ಯೂಬ್) ನೋಡಬೇಕು, ಉರಿಯೂತ ತಿಳಿಸುವ ಸಿಆರ್‌ಪಿ ರಕ್ತಪರೀಕ್ಷೆ ನೋಡಬೇಕು, ಸಂಶಯ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಡ್ರೇನಿನ ದ್ರವದಲ್ಲಿ ಅಮೈಲೇಸ್ ಎಂಬ, ಮೇದೋಜೀರಕ ರಸದಲ್ಲಿರುವ ಎನ್‌ಜೈಮನ್ನು ಪರೀಕ್ಷಿಸುತ್ತಾರೆ. ಮೂರನೇ ದಿನ ಅಥವಾ ಆಮೇಲೆ ಅದು ರಕ್ತದ ಗರಿಷ್ಠ ಸಹಜ ಮಟ್ಟದ ಮೂರು ಪಟ್ಟು ದಾಟಿದ್ದರೆ ರಸ ಜಿನುಗುತ್ತಿದೆ ಎಂದು. ಅಷ್ಟರಿಂದಲೇ ಅದನ್ನು ಸೋರಿಕೆಯ ಕಾಯಿಲೆ ಎನ್ನುವುದಿಲ್ಲ. ರೋಗಿಯ ಸ್ಥಿತಿಯಲ್ಲಿ ಬದಲಾವಣೆ ಆಗಿ ಚಿಕಿತ್ಸೆ ಬದಲಿಸಬೇಕಾದರೆ ಮಾತ್ರ ಅದನ್ನು ಸೋರಿಕೆ ಎಂದು ಪರಿಗಣಿಸಿ, ತೀವ್ರತೆಗೆ ತಕ್ಕಂತೆ ಬಿ ಅಥವಾ ಸಿ ದರ್ಜೆ ಕೊಡುತ್ತಾರೆ. ಮೊದಲ ದಿನದ ಅಮೈಲೇಸ್ ಲೀಟರಿಗೆ 5000 ಯೂನಿಟ್‌ಗಿಂತ ಕಡಿಮೆಯಿದ್ದು, ಬೇರೆ ತೊಂದರೆ ಕಾಣದಿದ್ದರೆ, 72 ಗಂಟೆಗೆ ಡ್ರೇನ್ ತೆಗೆಯಬಹುದು. ವಯಸ್ಸಾದವರಲ್ಲಿ ಇದರ ಲಾಭ ಹೆಚ್ಚು: ದೇಹಕ್ಕೆ ಅಂಟಿದ ಪ್ರತಿಯೊಂದು ಟ್ಯೂಬೂ ಅವರನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನದಲ್ಲಿ ಕಾಲುಗಳಿಂದಲೇ ಸುಮಾರು 1 ಕೆ.ಜಿ. ಕೊಬ್ಬಿಲ್ಲದ ಅಂಗಾಂಶ ಕರಗಿತ್ತು. ಅವರಿಗೆ ಕಾಯಿಲೆಯೇ ಇರಲಿಲ್ಲ. ಹೊಟ್ಟೆ ಕೊಯ್ದು, ಊಟವಿಲ್ಲದೆ ಮಲಗಿದವರ ಲೆಕ್ಕ ನೀವೇ ಊಹಿಸಿ. ಮರುದಿನವೇ ಕುರ್ಚಿಯಲ್ಲಿ ಕೂರಿಸಿ ಎನ್ನುವ ಫಿಸಿಯೋಥೆರಪಿಸ್ಟ್ ಮೇಲೆ ಮನೆಯವರು ಸಿಟ್ಟಾಗಬೇಡಿ.

ತಡವಾಗಿ ಆಗುವ ರಕ್ತಸ್ರಾವದ ಬಗ್ಗೆ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು, ಏಕೆಂದರೆ ಇದನ್ನು ಮೊದಲು ನೋಡುವುದು ಹಲವು ಸಲ ಪಕ್ಕದಲ್ಲಿ ಕೂತವರೇ. ಐದಾರು ದಿನದ ನಂತರ ಡ್ರೇನಿನಲ್ಲಿ ಅಥವಾ ಮೂಗಿನ ಟ್ಯೂಬಿನಲ್ಲಿ ಸ್ವಲ್ಪ ತಾಜಾ ರಕ್ತ ಬಂದು ತಾನೇ ನಿಂತುಬಿಡುತ್ತದೆ. ಸೋರಿದ ರಸ ರಕ್ತನಾಳವನ್ನು ಕೊರೆದು ಉಬ್ಬಿಸಿರುವುದರ ಸೂಚನೆ ಅದು. ಕೆಲವು ಗಂಟೆಯಲ್ಲೋ ಒಂದೆರಡು ದಿನದಲ್ಲೋ ನಾಳ ಒಡೆದು ಭಾರಿ ರಕ್ತಸ್ರಾವ ಆಗಬಹುದು. ನಿಂತ ರಕ್ತವನ್ನು ನಂಬಬಾರದು. ಕೂಡಲೇ ಸಿಟಿ ಆಂಜಿಯೋಗ್ರಾಂ ಮಾಡಿಸಿ, ಬೇಕಾದರೆ ರಕ್ತನಾಳದೊಳಗಿನಿಂದಲೇ ಅದನ್ನು ಮುಚ್ಚಬೇಕು. "ರಕ್ತ ತೆಳು ಮಾಡುವ ಮದ್ದು ಕೊಡ್ತಿದ್ದೀವಲ್ಲ, ಅದಕ್ಕೇ ಬಂದಿರಬೇಕು" ಎಂದು ಹಿರಿಯ ರೋಗಿಗಳಲ್ಲಿ ತಳ್ಳಿಹಾಕುವ ಅಪಾಯ ಹೆಚ್ಚು.

ನೆದರ್ಲೆಂಡ್ಸ್‌ನಲ್ಲಿ ಈ ಆಪರೇಷನ್ ಮಾಡುವ ಆಸ್ಪತ್ರೆಗಳೆಲ್ಲ ಸೇರಿ, ಯಾವ ದಿನ ಯಾವ ಬದಲಾವಣೆ ಕಂಡರೆ ಸ್ಕ್ಯಾನ್ ಮಾಡಿಸಬೇಕು, ಯಾವಾಗ ಹೊಸ ಡ್ರೇನ್ ಹಾಕಬೇಕು ಎಂದು ದಿನನಿತ್ಯದ ಒಂದು ಕ್ರಮ ರೂಪಿಸಿಕೊಂಡವು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರಕ್ತಸ್ರಾವ, ಅಂಗವೈಫಲ್ಯ, ಸಾವು ಇವುಗಳ ಒಟ್ಟು ಪ್ರಮಾಣ ಶೇ. 14ರಿಂದ 8ಕ್ಕೆ ಇಳಿದಿತ್ತು. ಹೊಸ ಯಂತ್ರ, ಹೊಸ ಮದ್ದು ಯಾವುದೂ ಇರಲಿಲ್ಲ. ಆಸ್ಪತ್ರೆಯ ಆಯ್ಕೆಯೂ ಇದೇ ಕಾರಣಕ್ಕೆ ಮುಖ್ಯ. ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್ ದಾಖಲೆಗಳನ್ನು ಆಧರಿಸಿದ 2002ರ ಅಧ್ಯಯನದಲ್ಲಿ, ಅತಿ ಅಪರೂಪಕ್ಕೆ ಇಂಥ ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ಅತಿ ಹೆಚ್ಚು ಮಾಡುವಲ್ಲಿ ಶೇ. 3.8. ರೋಗಿಗಳೆಲ್ಲ ಒಂದೇ ವಯೋಮಾನದವರು ಎಂಬುದನ್ನು ನೆನಪಿಡಿ.

ಬುದ್ಧಿ ಗಲಿಬಿಲಿಯಾಗುವ ಡೆಲಿರಿಯಂ ಹೆಚ್ಚಾಗಿ ಮೊದಲ ಮೂರು ದಿನದಲ್ಲಿ ಶುರುವಾಗುತ್ತದೆ. ಕಿರುಚಾಡುವವರನ್ನು ಎಲ್ಲರೂ ಗುರುತಿಸುತ್ತಾರೆ. ಗೋಡೆ ಕಡೆ ತಿರುಗಿ ಸುಮ್ಮನೆ ಮಲಗುವವರನ್ನು "ಪಾಪ, ಸುಸ್ತಾಗಿದ್ದಾರೆ" ಎಂದು ಬಿಟ್ಟುಬಿಡುತ್ತಾರೆ. ಕಾರಣ ಹುಡುಕಬೇಕು: ಸೋಂಕು, ನೋವು, ತುಂಬಿದ ಮೂತ್ರಕೋಶ, ಮಲಬದ್ಧತೆ, ಸೋಡಿಯಂ ಇಳಿಕೆ, ಆಮ್ಲಜನಕದ ಕೊರತೆ, ನಿಂತುಹೋದ ನಿದ್ದೆ ಮಾತ್ರೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮೊದಲ ದಿನವೇ ರೋಗಿಗೆ ಮರಳಿಸಿ. ಹಗಲು ಬೆಳಕು, ರಾತ್ರಿ ಕತ್ತಲು, ಕಣ್ಣಿಗೆ ಕಾಣುವ ಗಡಿಯಾರ, ಪರಿಚಿತ ದನಿ ಇವು ಮದ್ದಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅವಿಲ್, ಫೆನರ್ಗನ್ ಥರದ ಅಲರ್ಜಿ ಮದ್ದು, ಡಯಾಜೆಪಾಂ ಗುಂಪಿನ ಮಾತ್ರೆ ಗಲಿಬಿಲಿಯನ್ನು ಹೆಚ್ಚಿಸುತ್ತವೆ.

ಜಠರ ಖಾಲಿಯಾಗದೆ ನಿಲ್ಲುವುದು ವಿಪಲ್ ಆದ ಸುಮಾರು ಐವರಲ್ಲಿ ಒಬ್ಬರಿಗೆ ಆಗುತ್ತದೆ. ಅದು ತಾನಾಗಿ ಸರಿಹೋಗುವಂಥದ್ದೇ. ಆದರೆ ಕೆಮ್ಮಿನ ಬಲವಿಲ್ಲದ ಹಿರಿಯರು ರಾತ್ರಿ ಮಲಗಿದ್ದಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸೋರಿಕೆಯೇ ಇಲ್ಲದವರನ್ನೂ ಈ ನ್ಯುಮೋನಿಯಾ ಕೊಂಡೊಯ್ಯುತ್ತದೆ. ಬಿಕ್ಕಳಿಕೆ, ಹೊಟ್ಟೆ ಉಬ್ಬರ, ಎರಡು ಚಮಚಕ್ಕೇ ಸಾಕು ಎನ್ನುವುದು ಕಂಡರೆ ಒತ್ತಾಯಿಸಿ ಉಣಿಸಬೇಡಿ, ನರ್ಸ್‌ಗೆ ತಿಳಿಸಿ. ತಲೆಯ ಕಡೆ ಹಾಸಿಗೆ 30 ಡಿಗ್ರಿ ಎತ್ತರಿಸಿ.

ಮನೆಗೆ ಬಂದ ಮೇಲೆ

ಚೇತರಿಕೆಯ ಅರ್ಧ ಭಾಗ ಇಲ್ಲಿಯೇ ನಡೆಯುತ್ತದೆ. ಕಿರಿಯರು ಎರಡು ತಿಂಗಳಲ್ಲಿ ಮುಟ್ಟುವ ಹಂತಕ್ಕೆ ಹಿರಿಯರು ಮೂರರಿಂದ ಆರು ತಿಂಗಳು ತೆಗೆದುಕೊಳ್ಳಬಹುದು. ತೂಕ ಇಳಿಯುತ್ತಲೇ ಇದ್ದರೆ "ವಯಸ್ಸಾಯ್ತಲ್ಲ" ಎನ್ನುವ ಮೊದಲು ಎನ್‌ಜೈಮ್ ಸಾಕಾಗುತ್ತಿದೆಯೇ ನೋಡಿ. ಮಲ ಜಿಡ್ಡಾಗಿ ತೇಲುವುದು, ವಾಯು, ಊಟದ ನಂತರ ಹೊಟ್ಟೆ ನುಲಿತ ಇದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ದೊಡ್ಡ ಊಟಕ್ಕೆ 40,000ದಿಂದ 50,000 ಲೈಪೇಸ್ (ಕೊಬ್ಬು ಕರಗಿಸುವ ಎನ್‌ಜೈಮ್) ಯೂನಿಟ್, ತಿಂಡಿಗೆ ಅದರ ಅರ್ಧ, ಇದು ಸಾಮಾನ್ಯ ಆರಂಭದ ಪ್ರಮಾಣ. ಮೊದಲ ತುತ್ತಿನೊಂದಿಗೆ ಒಂದು ಕ್ಯಾಪ್ಸೂಲ್, ಉಳಿದದ್ದು ಊಟದ ನಡುವೆ. ಊಟ ಮುಗಿದ ಮೇಲೆ ನುಂಗಿದರೆ ಆಹಾರದ ಜೊತೆ ಬೆರೆಯುವುದಿಲ್ಲ, ದುಡ್ಡು ದಂಡ. ಅಗಿಯಬಾರದು, ಬಿಸಿ ಪಾನೀಯದೊಂದಿಗೆ ಬೇಡ. ವಿಟಮಿನ್ ಡಿ ಕೂಡ ಕೊಬ್ಬಿನೊಂದಿಗೆ ಹೊರಹೋಗುವುದರಿಂದ ಹಿರಿಯರಲ್ಲಿ ಮೂಳೆ ಮುರಿತದ ಭಯವಿದೆ, ಅದನ್ನು ಪರೀಕ್ಷಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆ ಹೊಸದಾಗಿ ಬಂದರೆ ಅದು ಮಾಮೂಲಿ ಬಗೆಯದಲ್ಲ. ಇನ್ಸುಲಿನ್ ಜೊತೆಗೆ, ಇಳಿದ ಸಕ್ಕರೆಯನ್ನು ಏರಿಸುವ ಗ್ಲೂಕಗಾನ್ ಕೂಡ ಕಡಿಮೆಯಾಗಿರುತ್ತದೆ. ಹಾಗಾಗಿ ಸಕ್ಕರೆ ಏರುವುದಕ್ಕಿಂತ ಥಟ್ಟನೆ ಇಳಿಯುವುದು ಹೆಚ್ಚು ಅಪಾಯ, ಒಬ್ಬರೇ ಇರುವ ಹಿರಿಯರಲ್ಲಂತೂ ಇನ್ನೂ ಹೆಚ್ಚು. ಊಟ ಎಷ್ಟು ಹೋಗುತ್ತದೆ ಎಂದು ನೋಡದೆ ಇನ್ಸುಲಿನ್ ಚುಚ್ಚಬೇಡಿ. ಬಲಗುಂದಿದವರಲ್ಲಿ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಶೇ. 8ರ ಹತ್ತಿರವಿದ್ದರೂ ಒಪ್ಪಬಹುದು.

ಇನ್ನು ಕಿಮೊ. ಕ್ಯಾನ್ಸರ್ ಮರಳದಂತೆ ತಡೆಯಲು ಆಪರೇಷನ್ ನಂತರ ಕಿಮೊ ಬೇಕು. ವಯಸ್ಸಾದವರು ಹಿಂದೆ ಬೀಳುವುದು ಇಲ್ಲಿ. ಬೇಗ ಶುರು ಮಾಡಲೇಬೇಕೆಂಬ ಒತ್ತಡದಲ್ಲಿ ಎದ್ದು ಕೂರಲಾಗದವರಿಗೆ ಆರನೇ ವಾರಕ್ಕೇ ಕೊಟ್ಟು, ಎರಡನೇ ಸುತ್ತಿಗೆ ನಿಲ್ಲಿಸುವುದುಂಟು. ಆಪರೇಷನ್ ನಂತರದ ಕಿಮೊ ಕುರಿತ ಎಸ್ಪ್ಯಾಕ್-3 ಪ್ರಯೋಗದ ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿದಾಗ ಕಂಡದ್ದು, ಬೇಗ ಶುರು ಮಾಡುವುದಕ್ಕಿಂತ ಆರೂ ಸುತ್ತು ಮುಗಿಸುವುದು ಮುಖ್ಯ. 12 ವಾರದವರೆಗೆ ಕಾಯುವುದರಿಂದ ಹಾನಿ ಕಂಡಿರಲಿಲ್ಲ. ತೀವ್ರವಾದ ಫಾಲ್ಫಿರಿನಾಕ್ಸ್ ಮದ್ದಿನ 2018ರ ಪ್ರಯೋಗದಲ್ಲಿ 79ರವರೆಗಿನವರನ್ನಷ್ಟೇ ಸೇರಿಸಿಕೊಂಡಿದ್ದರು, ಅದೂ ಗಟ್ಟಿಮುಟ್ಟಾಗಿದ್ದವರನ್ನು. 80 ದಾಟಿದವರಿಗೆ ಜೆಮ್‌ಸಿಟಾಬಿನ್ ಒಂದನ್ನೇ ಕೊಡುವುದು, ಅಥವಾ ಬಲವಿದ್ದರೆ ಜೊತೆಗೆ ಕ್ಯಾಪೆಸಿಟಾಬಿನ್ ಸೇರಿಸುವುದು ಹೆಚ್ಚಿನವರಿಗೆ ತಡೆದುಕೊಳ್ಳುವಂಥ ದಾರಿ. ಆ 12 ವಾರದೊಳಗೆ ತೂಕ ಒಂದು ಕಡೆ ನಿಲ್ಲಬೇಕು, ಗಾಯ ಒಣಗಿರಬೇಕು, ರೋಗಿ ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಿಂದ ಹೊರಗಿರಬೇಕು. ಪ್ರತಿ ವಾರ ಒಂದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ಊಟಕ್ಕೆ ಮೊದಲು ತೂಕ ನೋಡಿ ಬರೆದಿಡಿ. ಕಿಮೊ ವೈದ್ಯರ ಮೊದಲ ಭೇಟಿಗೆ ಆ ಚೀಟಿ, ಆಪರೇಷನ್‌ಗೆ ಮೊದಲಿನ ತೂಕ, ದಿನಕ್ಕೆ ಎಷ್ಟು ಎನ್‌ಜೈಮ್ ಕ್ಯಾಪ್ಸೂಲ್ ಹೋಗುತ್ತಿದೆ ಎಂಬ ಲೆಕ್ಕ ಇಷ್ಟನ್ನೂ ಜೊತೆಗೆ ಒಯ್ಯಿರಿ.